ಎದೆಯ ಮೇಲಿನ ಹಕ್ಕಿ: ಚೀನಾದ ಆಸ್ಥಾನದ ಪದವಿ ಚೌಕಗಳು



ಮಿಂಗ್ ವಂಶದ ಮೊದಲ ಚಕ್ರವರ್ತಿ ಹಾಂಗ್‌ವು ಹುಟ್ಟಿದ್ದು ಬಡ ರೈತರ ಮನೆಯಲ್ಲಿ. ಬರಗಾಲದಲ್ಲಿ ಹೆತ್ತವರನ್ನು ಕಳೆದುಕೊಂಡು ಬೌದ್ಧ ವಿಹಾರ ಸೇರಿದ, ಭಿಕ್ಷೆ ಬೇಡುತ್ತ ಊರೂರು ಅಲೆದ, ಬಂಡಾಯಗಾರರೊಡನೆ ಕೂಡಿಕೊಂಡ. ಕೊನೆಗೆ 1368ರಲ್ಲಿ ಮಂಗೋಲರ ಆಳ್ವಿಕೆಯನ್ನು ಕಿತ್ತೊಗೆದು ಪಟ್ಟವೇರಿದ. ಹೀಗೆ ಮೇಲೆ ಬಂದವನಿಗೆ ಯಾರು ದೊಡ್ಡವರು, ಯಾರು ಚಿಕ್ಕವರು ಎಂಬುದು ದೂರದಿಂದಲೇ ಕಾಣಬೇಕೆಂಬ ಹಟ ಇದ್ದರೆ ಅದರಲ್ಲಿ ಆಶ್ಚರ್ಯವೇನಿಲ್ಲ. 1391ರಲ್ಲಿ ಅವನ ಆಸ್ಥಾನ ಕಟ್ಟಳೆ ಹೊರಡಿಸಿತು: ಅಧಿಕಾರಿಯ ನಿಲುವಂಗಿಯ ಎದೆಗೊಂದು, ಬೆನ್ನಿಗೊಂದು ಚೌಕ, ಆಡಳಿತದವರಿಗೆ ಹಕ್ಕಿ, ಸೇನೆಯವರಿಗೆ ಮೃಗ.

ದರ್ಜೆಗಳು ಒಂಬತ್ತು. ಮುಂದೆ ಚಿಂಗ್ ವಂಶದ ಕಾಲದಲ್ಲಿ ಗಟ್ಟಿಯಾಗಿ ನೆಲೆನಿಂತ ಕ್ರಮದಲ್ಲಿ ಮೊದಲ ದರ್ಜೆಯ ಆಡಳಿತಾಧಿಕಾರಿಗೆ ಕ್ರೌಂಚ, ಮೂರನೆಯವನಿಗೆ ನವಿಲು, ಆರನೆಯವನಿಗೆ ಬೆಳ್ಳಕ್ಕಿ, ಎಂಟನೆಯವನಿಗೆ ಲಾವಕ್ಕಿ. ಒಂಬತ್ತನೆಯವನಿಗೆ ದಕ್ಕಿದ್ದು ಉದ್ದ ಬಾಲದ ರಾಜಹಕ್ಕಿ. ಅದರ ಬಳಗ ನಮ್ಮ ಕಾಡುಗಳಲ್ಲೂ ಇದೆ. ಇಷ್ಟು ಚೆಲುವಾದ ಹಕ್ಕಿಯನ್ನು ತೀರಾ ಕೆಳಗೆ ಕೂರಿಸಿದ್ದು ಯಾವ ನ್ಯಾಯವೋ! ಸೇನೆಯ ಕಡೆ ಸಿಂಹ, ಚಿರತೆ, ಹುಲಿ, ಕರಡಿ. ಎಲ್ಲಕ್ಕಿಂತ ಮೇಲೆ ಚಿಲಿನ್ ಎಂಬ ಕಾಲ್ಪನಿಕ ಮೃಗ. 1414ರಲ್ಲಿ ಬಂಗಾಳದ ಸುಲ್ತಾನ ಮಿಂಗ್ ವಂಶದ ಯೋಂಗ್ಲೆ ಚಕ್ರವರ್ತಿಗೆ ಜಿರಾಫೆಯೊಂದನ್ನು ಕಾಣಿಕೆ ಕಳಿಸಿದಾಗ ಆಸ್ಥಾನದವರು ಅದನ್ನೇ ಚಿಲಿನ್ ಎಂದು ಕೊಂಡಾಡಿದರು. ಆದರೆ ಕಸೂತಿಯವರು ತಮ್ಮ ಹಳೆಯ ಚಿಲಿನ್ ಅನ್ನು ಬಿಟ್ಟುಕೊಡಲಿಲ್ಲ. ಚೌಕಗಳಲ್ಲಿ ಅದಕ್ಕೆ ಹುರುಪೆಯೂ ಇದೆ, ಗೊರಸೂ ಇದೆ.

ಅಧಿಕಾರಿಗಳ ತಪ್ಪು ಹುಡುಕಿ ಚಕ್ರವರ್ತಿಗೆ ವರದಿ ಒಪ್ಪಿಸುವ ತನಿಖಾಧಿಕಾರಿಗಳದು ಬೇರೆಯೇ ಪಂಕ್ತಿ. ಅವರಿಗೆ ಹಕ್ಕಿಯಲ್ಲ, ಶಿಯೆಝಿ ಎಂಬ ಒಂಟಿ ಕೊಂಬಿನ ಪ್ರಾಣಿ. ವ್ಯಾಜ್ಯ ನಡೆಯುವಲ್ಲಿ ತಪ್ಪಿತಸ್ಥನನ್ನು ಗುರುತಿಸಿ ಅದು ತಿವಿಯುತ್ತದೆ ಎಂಬುದು ಐತಿಹ್ಯ. ಅಂಥ ಕೊಂಬು ಎದುರಿಗೆ ನಡೆದು ಬಂದರೆ ಎಷ್ಟು ಜನ ದಾರಿ ಬದಲಿಸುತ್ತಿದ್ದರೋ!

1644ರಲ್ಲಿ ಬೀಜಿಂಗ್ ಹಿಡಿದ ಮಂಚುಗಳು, ಅಂದರೆ ಚಿಂಗ್ ವಂಶದವರು, ಚೀನೀಯರ ಉಡುಪನ್ನು ಕೈಬಿಟ್ಟರು; ಚೌಕವನ್ನು ಮಾತ್ರ ಉಳಿಸಿಕೊಂಡು 1652ರಲ್ಲಿ ಹೊಸ ಕಟ್ಟಳೆ ಮಾಡಿದರು. ಮಿಂಗ್ ಕಾಲದ ಚೌಕ ಎದೆಯಗಲಕ್ಕೂ ಹರಡಿಕೊಳ್ಳುತ್ತಿತ್ತು, ಎಷ್ಟೋ ಸಲ ಬಟ್ಟೆಯ ನೇಯ್ಗೆಯಲ್ಲೇ ಮೂಡುತ್ತಿತ್ತು. ಮಂಚುಗಳ ಮೇಲಂಗಿ ಮುಂದೆ ಗುಂಡಿ ಹಾಕುವಂಥದ್ದು. ಹಾಗಾಗಿ ಚೌಕ ಕಿರಿದಾಯಿತು, ಪ್ರತ್ಯೇಕ ತುಂಡಾಗಿ ಕಡುನೀಲಿ ಅಂಗಿಯ ಮೇಲೆ ಬಂದು ಕೂತಿತು. ಎದೆಯ ಮೇಲಿನದು ನಡುವೆ ಸೀಳಿ ಎರಡಾಯಿತು. ಬೆನ್ನಿನದು ಇಡಿಯಾಗಿ ಉಳಿಯಿತು.

ಇಷ್ಟೆಲ್ಲ ವಿಧಿಸಿದ ಸರ್ಕಾರ ಚೌಕಗಳನ್ನು ಹೊಲಿಸಿ ಕೊಡುತ್ತಿತ್ತೇ? ಇಲ್ಲ. ಯಾವ ದರ್ಜೆಗೆ ಯಾವ ಹಕ್ಕಿ ಎಂಬುದಷ್ಟೇ ಅದರ ಮಾತು, ಖರ್ಚು ಅಧಿಕಾರಿಯದು. ನಾನು ಇಂದು ಹೇಳಬೇಕೆಂದಿರುವುದು ಇಲ್ಲೇ ಇದೆ. ಈ ಚೌಕಗಳನ್ನು ಸಾಮ್ರಾಜ್ಯದ ಶಿಸ್ತಿಗೆ ಸಾಕ್ಷಿ ಎನ್ನುವುದುಂಟು. ನನ್ನ ಕಣ್ಣಿಗೆ ಅವು ತೊಟ್ಟವರ ಆಸೆಗೂ ಅಷ್ಟೇ ಸಾಕ್ಷಿ. ಒಂದೇ ದರ್ಜೆಯ ಇಬ್ಬರ ಎದೆಯ ಮೇಲೆ ಒಂದೇ ಬೆಳ್ಳಕ್ಕಿ. ಒಬ್ಬನದು ರೇಷ್ಮೆ ಎಳೆಯ ಸಾದಾ ಕೆಲಸ, ಇನ್ನೊಬ್ಬನದು ಹೊಳೆಯುವ ಬಂಗಾರ.

ಆ ಬಂಗಾರದ ಕೆಲಸವನ್ನು ಹತ್ತಿರದಿಂದ ನೋಡಬೇಕು. ನಮ್ಮ ಜರಿ ಬೆಳ್ಳಿಯ ತಂತಿಯಿಂದ ಹುಟ್ಟುತ್ತದೆ. ಅಲ್ಲಿ ಕಾಗದದ ಮೇಲೆ ಚಿನ್ನದ ರೇಕು ಅಂಟಿಸಿ, ಸಣ್ಣ ಪಟ್ಟಿಗಳಾಗಿ ಸೀಳಿ, ರೇಷ್ಮೆ ನೂಲಿಗೆ ಸುತ್ತುತ್ತಿದ್ದರು. ಈ ಎಳೆಯನ್ನು ಬಟ್ಟೆಯೊಳಗೆ ತೂರಿಸಿದರೆ ಚಿನ್ನ ಸುಲಿದುಹೋಗುತ್ತದೆ. ಅದಕ್ಕೇ ಜೋಡಿ ಎಳೆಗಳನ್ನು ಬಟ್ಟೆಯ ಮೇಲೆಯೇ ಮಲಗಿಸಿ, ತೆಳು ರೇಷ್ಮೆಯಲ್ಲಿ ಅಲ್ಲಲ್ಲಿ ಹೊಲಿಗೆ ಹಾಕಿ ಹಿಡಿದಿಡುವುದು. ಆ ಹಿಡಿಹೊಲಿಗೆ ಕೆಂಪಾದರೆ ಚಿನ್ನ ಬೆಚ್ಚಗೆ ಕಾಣುತ್ತದೆ, ಹಸಿರಾದರೆ ತಣ್ಣಗೆ.

ಹತ್ತೊಂಬತ್ತನೆಯ ಶತಮಾನದ ಕೆಲವು ಚೌಕಗಳ ಅಂಚು ಎತ್ತಿ ನೋಡಿದರೆ ಇನ್ನೊಂದು ಜಾಣತನ ಸಿಗುತ್ತದೆ. ಅಲೆ, ಬಂಡೆ, ಮೋಡ, ಸೂರ್ಯ ಎಲ್ಲ ಮೊದಲೇ ತಯಾರು. ಹಕ್ಕಿಯನ್ನು ಮಾತ್ರ ಬೇರೆ ಬಟ್ಟೆಯಲ್ಲಿ ಕಸೂತಿ ಮಾಡಿ ಆಮೇಲೆ ಅಂಟಿಸಿ ಹೊಲಿದಿದ್ದಾರೆ. ಬಡ್ತಿ ಸಿಕ್ಕರೆ ಹಳೆಯ ಹಕ್ಕಿಯನ್ನು ಬಿಚ್ಚಿ ಹೊಸದನ್ನು ಕೂರಿಸಿದರಾಯಿತು! ವ್ಯಾಪಾರಿಗೂ ಅನುಕೂಲ: ಹಿನ್ನೆಲೆಗಳನ್ನು ರಾಶಿ ಹಾಕಿಟ್ಟುಕೊಂಡು ಗಿರಾಕಿ ಬಂದಾಗ ದರ್ಜೆ ಕೇಳಿದರೆ ಸಾಕು.

ಹೆಂಡತಿಗೆ ಗಂಡನ ದರ್ಜೆಯದೇ ಚೌಕ. ಆದರೆ ಸಾಮಾನ್ಯವಾಗಿ ಕನ್ನಡಿಯಲ್ಲಿ ಕಂಡಂತೆ ತಿರುವುಮುರುವು. ಇಬ್ಬರೂ ಪಕ್ಕಪಕ್ಕ ಕೂತರೆ ಹಕ್ಕಿಗಳು ಮುಖಾಮುಖಿ. ಪೂರ್ವಜರ ಚಿತ್ರಪಟಗಳಲ್ಲಿ ಈ ಜೋಡಿಯನ್ನು ನೋಡಬಹುದು.

ತೈಪಿಂಗ್ ದಂಗೆಯ (1850–64) ವೆಚ್ಚಕ್ಕೆ ಬೊಕ್ಕಸ ಬರಿದಾದಾಗ ಸರ್ಕಾರ ಪದವಿಗಳ ಮಾರಾಟವನ್ನು ವಿಪರೀತ ಹೆಚ್ಚಿಸಿತು. ಪರೀಕ್ಷೆಗೆ ವರ್ಷಗಟ್ಟಲೆ ಓದಿ ಹಕ್ಕಿ ಗಳಿಸಿದವನ ಪಕ್ಕದಲ್ಲೇ ಬೆಳ್ಳಿ ಎಣಿಸಿಕೊಟ್ಟು ಹಕ್ಕಿ ತಂದವನೂ ನಿಂತ. ಚೌಕದೊಳಗಿನ ಖಾಲಿ ಜಾಗವೂ ಆ ಹೊತ್ತಿಗೆ ಮಾಯವಾಗಿತ್ತು: ಬಾವಲಿ, ಪೀಚ್ ಹಣ್ಣು, ಶಂಖ, ಛತ್ರಿ, ಅದೃಷ್ಟ ತರುವುದೆಲ್ಲ ಒಳಗೆ ನುಗ್ಗಿ, ಕೆಲವದರಲ್ಲಿ ಹಕ್ಕಿಯನ್ನೇ ಹುಡುಕಬೇಕಾದ ಸ್ಥಿತಿ. 1912ರಲ್ಲಿ ಚಿಂಗ್ ವಂಶ ಅಳಿಯಿತು, ದರ್ಜೆಗಳೂ ಹೋದವು. ಚೌಕಗಳನ್ನು ಅಂಗಿಯಿಂದ ಬಿಚ್ಚಿ ವಿದೇಶಿ ಪ್ರವಾಸಿಗಳಿಗೆ ಮಾರಿದರು; ಎಷ್ಟೋ ಕೈಚೀಲಗಳಾದವು, ದಿಂಬಿನ ಗವಸುಗಳಾದವು. ಆ ಕೊಳ್ಳುಗರಿಗೆ ಕ್ರೌಂಚವೂ ಒಂದೇ, ಲಾವಕ್ಕಿಯೂ ಒಂದೇ.