ರಕ್ತದ ಗುಂಪು ತಿಳಿಯೋಣ, ಕೂಸನ್ನು ಉಳಿಸೋಣ



ಆಳಂದ, ಅಫಜಲಪುರ, ಜೇವರ್ಗಿ ಕಡಿ ಹಳ್ಳಿಯೊಳಗ ಇಂಥ ಮಾತು ನೀವೂ ಕೇಳಿರಬಹುದು. "ಆಕಿಗಿ ಮೊದಲನೇ ಕೂಸು ಚಂದ ಹುಟ್ಟಿತು. ಆಮ್ಯಾಲ ಒಂದೂ ಉಳೀಲಿಲ್ಲ." ಯಾಕ ಅಂತ ಕೇಳಿದರ "ದೆವ್ವದ ಕಾಟ" ಅಂತಾರ. "ಆಕಿ ದೈವನೇ ಸುಮಾರ" ಅಂತಾರ. ಗಾಣಗಾಪುರಕ್ಕ ಹೋಗ್ರಿ, ಆಳಂದದ ದರ್ಗಾಕ್ಕ ಹೋಗ್ರಿ, ಬ್ಯಾಡ ಅನ್ನೂದಿಲ್ಲ. ಆದರ ದವಾಖಾನಿಗೂ ಹೋಗ್ರಿ. ಇದಕ್ಕೆ ರಕ್ತದ ಗುಂಪು ಕಾರಣ ಇರಬಹುದು.

ಎಲ್ಲರ ರಕ್ತವೂ ಕೆಂಪು. ಆದರೆ ರಕ್ತದಲ್ಲಿ ಗುಂಪುಗಳಿವೆ. ಎ, ಬಿ, ಎಬಿ ಮತ್ತು ಓ. ಗುಂಪಿನ ಜೊತೆಗೆ ಇನ್ನೊಂದು ಗುರುತು ಇರುತ್ತದೆ. ಅದು ಪಾಸಿಟಿವ್ ಇಲ್ಲವೆ ನೆಗೆಟಿವ್. ಇದಕ್ಕೆ ಆರ್‌ಎಚ್ ಗುರುತು ಎನ್ನುತ್ತಾರೆ. 1940ರಲ್ಲಿ ಲ್ಯಾಂಡ್‌ಸ್ಟೈನರ್ ಮತ್ತು ವೀನರ್ ಎಂಬ ವಿಜ್ಞಾನಿಗಳು ಇದನ್ನು ತಿಳಿಸಿದರು. ನಮ್ಮ ದೇಶದಲ್ಲಿ 100 ಮಂದಿಯಲ್ಲಿ ಸುಮಾರು 5 ಮಂದಿ ನೆಗೆಟಿವ್. ನೆಗೆಟಿವ್ ಅಂದರ ರೋಗ ಅಲ್ಲ. ಕೆಟ್ಟ ರಕ್ತ ಅಲ್ಲ.

ಹಾಗಾದರೆ ತೊಂದರೆ ಯಾವಾಗ? ತಾಯಿ ನೆಗೆಟಿವ್, ತಂದೆ ಪಾಸಿಟಿವ್ ಇದ್ದಾಗ. ಆಗ ಕೂಸು ತಂದೆಯಂತೆ ಪಾಸಿಟಿವ್ ಆಗಬಹುದು.

ಊರ ಅಗಸಿ ಕಾಯುವ ಆಳನ್ನು ನೆನಸಿಕೊಳ್ಳಿ. ಗುರುತಿಲ್ಲದವರು ಮೊದಲ ಸಲ ಬಂದರೆ ಅವನು ಮುಖ ನೋಡಿಕೊಳ್ಳುತ್ತಾನೆ. ಎರಡನೇ ಸಲ ಬಂದರೆ ಬಡಿಗೆ ಹಿಡಿದು ನಿಲ್ಲುತ್ತಾನೆ. ತಾಯಿಯ ಮೈಯೂ ಹಾಗೇ. ಮೊದಲ ಹೆರಿಗೆಯಲ್ಲಿ ಕೂಸಿನ ರಕ್ತ ಸ್ವಲ್ಪ ತಾಯಿಯ ರಕ್ತದೊಳಗೆ ಸೇರುತ್ತದೆ. ತಾಯಿಯ ಮೈ ಅದನ್ನು ಗುರುತು ಇಟ್ಟುಕೊಳ್ಳುತ್ತದೆ. ಅಷ್ಟರಲ್ಲಿ ಕೂಸು ಹುಟ್ಟಿರುತ್ತದೆ. ಅದಕ್ಕೇ ಮೊದಲ ಕೂಸು ಸಾಮಾನ್ಯವಾಗಿ ಪಾರಾಗುತ್ತದೆ. ಮುಂದಿನ ಕೂಸೂ ಪಾಸಿಟಿವ್ ಇದ್ದರೆ ತಾಯಿಯ ಮೈ ಅದರ ರಕ್ತವನ್ನು ಒಡೆಯುತ್ತದೆ. ಕೂಸಿಗೆ ರಕ್ತ ಕಡಿಮೆಯಾಗುತ್ತದೆ. ಮೈ ಬಾಯುತ್ತದೆ. ಹೊಟ್ಟೆಯಲ್ಲೇ ತೀರಿಕೊಳ್ಳಬಹುದು. ಹುಟ್ಟಿದರೂ ಜೋರು ಕಾಮಾಲೆ ಆಗಬಹುದು.

ಇದನ್ನು ತಡೆಯಬಹುದೇನ್ರಿ? ತಡೆಯಬಹುದು. ಆ್ಯಂಟಿ-ಡಿ ಎಂಬ ಸೂಜಿ ಇದೆ. 1968ರಿಂದ ಇದು ಬಳಕೆಯಲ್ಲಿದೆ. ಬಸುರಿಗೆ 28 ವಾರ, ಅಂದರೆ ಏಳನೇ ತಿಂಗಳ ಹೊತ್ತಿಗೆ ಒಂದು ಸೂಜಿ ಕೊಡುತ್ತಾರೆ. ಹುಟ್ಟಿದ ಕೂಸು ಪಾಸಿಟಿವ್ ಇದ್ದರೆ 72 ಗಂಟೆಯೊಳಗೆ, ಅಂದರೆ ಮೂರು ದಿನದೊಳಗೆ, ತಾಯಿಗೆ ಇನ್ನೊಂದು ಸೂಜಿ ಬೇಕು. ಬಸುರು ಇಳಿದರೂ, ತೆಗೆಸಿದರೂ ಸೂಜಿಯ ಬಗ್ಗೆ ಡಾಕ್ಟರನ್ನು ಕೇಳಲೇಬೇಕು. ಬಸುರಿಯ ಹೊಟ್ಟೆಗೆ ಪೆಟ್ಟು ಬಿದ್ದರೂ ಕೇಳಬೇಕು.

ತಾಯಿಯ ಮೈ ಒಮ್ಮೆ ಗುರುತು ಇಟ್ಟುಕೊಂಡಮೇಲೆ ಈ ಸೂಜಿ ನಡೆಯುವುದಿಲ್ಲ. ಆಗಲೂ ಧೈರ್ಯ ಬಿಡಬೇಡಿ. ದೊಡ್ಡ ದವಾಖಾನೆಯಲ್ಲಿ ಮೇಲಿಂದ ಮೇಲೆ ಪರೀಕ್ಷೆ ಮಾಡುತ್ತಾರೆ. ಹೊಟ್ಟೆಯೊಳಗಿನ ಕೂಸಿಗೂ ರಕ್ತ ಕೊಡುವ ಉಪಾಯ ಇದೆ.

ಆಸ್ಟ್ರೇಲಿಯಾ ದೇಶದ ಜೇಮ್ಸ್ ಹ್ಯಾರಿಸನ್ ಎಂಬವರು 2018ರವರೆಗೆ 1173 ಸಲ ರಕ್ತದಾನ ಮಾಡಿದರು. ಅವರ ರಕ್ತದಿಂದ ಈ ಸೂಜಿಯ ಔಷಧ ತಯಾರಾಯಿತು. 2025ರಲ್ಲಿ ಅವರು ತೀರಿಕೊಂಡರು. ಯಾರೋ ಕೊಟ್ಟ ರಕ್ತ, ಯಾರದೋ ತೊಟ್ಟಿಲು ತುಂಬಿತು.

ಕೆಲವರು "ಗಂಡ-ಹೆಂಡತಿ ಒಂದೇ ಗುಂಪು ಇದ್ದರ ಮಕ್ಕಳಾಗಂಗಿಲ್ಲ" ಅಂತಾರ. ಅದು ಸುಳ್ಳು. ತಾಯಿ ಪಾಸಿಟಿವ್ ಇದ್ದರೆ ಈ ತೊಂದರೆ ಇಲ್ಲ. ಇಬ್ಬರೂ ನೆಗೆಟಿವ್ ಇದ್ದರೂ ಇಲ್ಲ. ಬಸುರು ಇಳಿಯಲು ಬೇರೆ ಕಾರಣಗಳೂ ಬಹಳ ಇವೆ. ಅದಕ್ಕೇ ಪರೀಕ್ಷೆ ಬೇಕು. ಯಾವ ಕಾರಣವಿದ್ದರೂ ಹೆಣ್ಣುಮಗಳನ್ನು ಬೈಯಬ್ಯಾಡ್ರಿ. ಎರಡನೇ ಮದುವಿ ಮಾತು ಎತ್ತಬ್ಯಾಡ್ರಿ.

ತಂಗಿಯರೇ, ಈಗ ನಿಮಗ ಓದಾಕ ಬರ್ತದ. ತಾಯಿ ಕಾರ್ಡ್ ತೆಗೀರಿ. ರಕ್ತದ ಗುಂಪು ಎಲ್ಲಿ ಬರೆದಾರ, ನೋಡ್ರಿ. ಲೆಕ್ಕದಲ್ಲಿ ಕಲಿತ ಕೂಡುವ ಗುರುತು ಇದ್ದರೆ ಪಾಸಿಟಿವ್. ಕಳೆಯುವ ಗುರುತು ಇದ್ದರೆ ನೆಗೆಟಿವ್. ಅಲ್ಲಿ ಏನೂ ಬರೆದಿಲ್ಲವೇ? ಆಶಾ ಅಕ್ಕನನ್ನ ಕೇಳ್ರಿ. ನೆಗೆಟಿವ್ ಇದ್ದರ ಗಂಡನ ರಕ್ತಾನೂ ಪರೀಕ್ಷೆ ಮಾಡಿಸ್ರಿ. ಹೆರಿಗಿಗೆ ತವರಿಗೆ ಹೋಗುವಾಗ, ದುಡಿಯಾಕ ಪುಣೆ-ಮುಂಬೈಗೆ ಹೋಗುವಾಗ ಕಾರ್ಡ್ ಸಂಗಡ ಒಯ್ಯಿರಿ. ಹೆರಿಗೆಯಾದ ಕೂಡಲೇ ಕೇಳ್ರಿ: "ನನ್ನ ಕೂಸಿನ ಗುಂಪು ಯಾವುದು? ನನಗ ಸೂಜಿ ಬೇಕೇನ್ರಿ?"

ಕೇಳಾಕ ನಾಚಬ್ಯಾಡ್ರಿ. ಮೂರು ದಿನ ಕಳೆಯಲಿಕ್ಕೆ ಬಿಡಬ್ಯಾಡ್ರಿ.