ಪ್ರಾಣವಾಯುವಿಗೂ ಎಣ್ಣೆಗೂ ಆಗದು
(ವಾಚನಾಲಯದ ಭಾನುವಾರದ ಸಭೆಯಲ್ಲಿ ಮಾಡಿದ ಭಾಷಣ)



ನನ್ನ ಅಕ್ಕನ ಮಗ ಮುರುಡೇಶ್ವರದಲ್ಲಿ ಇದ್ದಾನೆ. ನೇತ್ರಾಣಿ ದ್ವೀಪದ ಬಳಿ ಕಡಲಿನಲ್ಲಿ ಮುಳುಗಿ ಮೀನು, ಹವಳ ನೋಡಿ ಬರುವವರ ದೋಣಿಯಲ್ಲಿ ಸಿಲಿಂಡರು ಎತ್ತಿಡುವ ಕೆಲಸ. ಮುಂದೆ ಸಿಲಿಂಡರು ತುಂಬುವುದನ್ನೂ ಕಲಿಯುತ್ತೇನೆ, 'ನೈಟ್ರಾಕ್ಸ್' ತುಂಬಲು ಬಂದರೆ ಸಂಬಳ ಹೆಚ್ಚು ಎಂದು ಫೋನಿನಲ್ಲಿ ಹೇಳಿದ. ಅದೇನೆಂದು ತಿಳಿಯಲು ಓದತೊಡಗಿದೆ. ನಮ್ಮಲ್ಲಿ ಗ್ಯಾಸ್ ವೆಲ್ಡಿಂಗ್ ಮಾಡುವವರೂ ಇರುವುದರಿಂದ, ಓದಿದ್ದನ್ನು ತಮ್ಮ ಮುಂದಿಡುವುದು ಒಳ್ಳೆಯದೆಂದು ತೋರಿತು.

ನಾವು ಉಸಿರಾಡುವ ಗಾಳಿಯ ನೂರು ಪಾಲಿನಲ್ಲಿ ಆಮ್ಲಜನಕ 21, ಸಾರಜನಕ 78. ನೀರಿನ ಆಳದಲ್ಲಿ ಒತ್ತಡ ಹೆಚ್ಚು. ಆ ಒತ್ತಡಕ್ಕೆ ಸಾರಜನಕವು ರಕ್ತದಲ್ಲಿ ಕರಗುತ್ತದೆ. ಅವಸರದಿಂದ ಮೇಲೆ ಬಂದರೆ, ಸೋಡಾ ಶೀಸೆಯ ಮುಚ್ಚಳ ತೆಗೆದಂತೆ, ಅದು ಗುಳ್ಳೆಯಾಗಿ ಕೀಲುಗಳನ್ನು ಹಿಂಡುತ್ತದೆ, ಪ್ರಾಣವನ್ನೇ ತೆಗೆಯಬಹುದು. ಸಾರಜನಕವನ್ನು ಕಡಿಮೆ ಮಾಡಿ ಆಮ್ಲಜನಕವನ್ನು 32 ಅಥವಾ 36 ಪಾಲಿಗೆ ಏರಿಸಿದರೆ ಹೆಚ್ಚು ಹೊತ್ತು ಕೆಳಗಿರಬಹುದು. ಇದೇ ನೈಟ್ರಾಕ್ಸ್. ಉಪಕಾರ ದೊಡ್ಡದು, ಆದರೆ ಜೊತೆಗೆ ಎರಡು ಅಪಾಯಗಳಿವೆ.

ಮೊದಲನೆಯದು ಬೆಂಕಿ. ಆಮ್ಲಜನಕ ತಾನು ಉರಿಯದು, ಉಳಿದದ್ದನ್ನೆಲ್ಲ ಉರಿಸುತ್ತದೆ. 1967ರ ಜನವರಿ 27ರಂದು ಅಮೆರಿಕದ ಅಪೊಲೊ 1 ನೌಕೆಯನ್ನು ನೆಲದ ಮೇಲೆಯೇ ಪರೀಕ್ಷಿಸುತ್ತಿದ್ದರು. ಒಳಗೆ ಬರೀ ಆಮ್ಲಜನಕ ತುಂಬಿತ್ತು. ಬೆಂಕಿ ಹೊತ್ತಿತು. ಬಾಗಿಲು ತೆರೆಯುವಷ್ಟರಲ್ಲಿ ಗ್ರಿಸಮ್, ವೈಟ್, ಚಾಫಿ ಎಂಬ ಮೂವರು ಗಗನಯಾತ್ರಿಗಳು ತೀರಿಹೋಗಿದ್ದರು.

ಸಿಲಿಂಡರಿನಲ್ಲಿ ಕಿಡಿ ಎಲ್ಲಿಂದ ಬಂತು ಎಂದು ತಾವು ಕೇಳಬಹುದು. ಸೈಕಲ್ಲಿಗೆ ಗಾಳಿ ಹೊಡೆದಾಗ ಪಂಪಿನ ತುದಿ ಬಿಸಿಯಾಗುವುದನ್ನು ಎಲ್ಲರೂ ಮುಟ್ಟಿ ನೋಡಿದ್ದೇವೆ. ಗಾಳಿಯನ್ನು ಥಟ್ಟನೆ ಒತ್ತಿದರೆ ಕಾವು ಹುಟ್ಟುತ್ತದೆ. ಡೀಸೆಲ್ ಎಂಜಿನ್ನಿನಲ್ಲಿ ಎಣ್ಣೆ ಹೊತ್ತಿಕೊಳ್ಳುವುದೂ ಈ ಕಾವಿನಿಂದಲೇ. ಸುಮಾರು 200 ವಾಯುಭಾರದ ಒತ್ತಡದ ಆಮ್ಲಜನಕದ ವಾಲ್ವನ್ನು ಒಮ್ಮೆಗೇ ತಿರುಗಿಸಿದರೆ, ಅನಿಲವು ನುಗ್ಗಿ ರೆಗ್ಯುಲೇಟರಿನ ಮುಚ್ಚಿದ ತುದಿಗೆ ಅಪ್ಪಳಿಸಿ ಕ್ಷಣದಲ್ಲಿ ಕಾಯುತ್ತದೆ. ಅಲ್ಲಿ ಎಣ್ಣೆಯ ಒಂದು ಪಸೆಯಿದ್ದರೂ ಸಾಕು, ಹೊತ್ತಿಕೊಂಡೀತು. ಆಮೇಲೆ ಲೋಹವೂ ಉರಿಯುತ್ತದೆ.

ನಮ್ಮ ಗಿರಣಿಯ ವರ್ಕ್‌ಷಾಪಿನಲ್ಲಿ ಒಮ್ಮೆ ಹೊಸ ಹುಡುಗನೊಬ್ಬ, ಆಮ್ಲಜನಕದ ರೆಗ್ಯುಲೇಟರಿನ ನಟ್ಟು ಬಿಗಿಯೆಂದು ಗ್ರೀಸಿನ ಡಬ್ಬಿ ತಂದ. ಹಳೆಯ ಮೇಸ್ತ್ರಿ ಡಬ್ಬಿಯನ್ನು ಕಸಿದು ಬೈದರು. ಹುಡುಗನಿಗೆ ಅಳುವೇ ಬಂತು. ಅವನದೇನು ತಪ್ಪು? ಬಿಗಿಯಿದ್ದರೆ ಎಣ್ಣೆ ಹಾಕು ಎಂದೇ ನಾವೆಲ್ಲ ಕಲಿತದ್ದು. ಯಂತ್ರಕ್ಕೆ ಎಣ್ಣೆ ಅನ್ನವಿದ್ದಂತೆ. ಆಮ್ಲಜನಕದ ಬಳಿ ಅದೇ ಶತ್ರು. ಈ ಭೇದವನ್ನು ಯಾರಾದರೂ ಹೇಳಿಕೊಡಬೇಕು.

ನೈಟ್ರಾಕ್ಸ್ ತುಂಬುವಾಗ ಮೋಸಹೋಗುವುದು ಇಲ್ಲಿಯೇ. ಕಡೆಗೆ ಬರುವ ಮಿಶ್ರಣ 32 ಪಾಲಿನದೇ ಇರಬಹುದು. ಆದರೆ ತುಂಬುವ ಒಂದು ಪದ್ಧತಿಯಲ್ಲಿ ಮೊದಲು ಶುದ್ಧ ಆಮ್ಲಜನಕವನ್ನು ಬಿಟ್ಟು, ಆಮೇಲೆ ಗಾಳಿ ತುಂಬುತ್ತಾರೆ. ಆದ್ದರಿಂದ ಸಿಲಿಂಡರನ್ನೂ ವಾಲ್ವನ್ನೂ ಜಿಡ್ಡಿಲ್ಲದಂತೆ ತೊಳೆದಿರಬೇಕು. ಉಂಗುರಗಳು, ಗ್ರೀಸು ಆಮ್ಲಜನಕಕ್ಕೆಂದೇ ಮಾಡಿದವಾಗಿರಬೇಕು. ಸಾಧಾರಣ ಸಿಲಿಕೋನ್ ಗ್ರೀಸು ಸಲ್ಲದು. ಮೇಲೆ ತುಂಬುವ ಗಾಳಿಯಲ್ಲಿಯೂ ಕಂಪ್ರೆಸರಿನ ಎಣ್ಣೆಯ ಆವಿ ಇರಬಾರದು. ಒಮ್ಮೆ ಅಂಥ ಗಾಳಿ ಹೊಕ್ಕರೆ ಮತ್ತೆ ತೊಳೆಯಲೇಬೇಕು. ಮಿಶ್ರಣವು 40 ಪಾಲು ಮೀರಿದರೆ ಉಸಿರಾಡುವ ರೆಗ್ಯುಲೇಟರಿಗೂ ಇದೇ ನಿಯಮ. ವಾಲ್ವನ್ನು ಯಾವಾಗಲೂ ಮೆಲ್ಲಗೆ ತೆರೆಯಬೇಕು.

ಎರಡನೆಯ ಅಪಾಯ ಆಳದ್ದು. ಒತ್ತಡ ಹೆಚ್ಚಿದರೆ ಆಮ್ಲಜನಕವೇ ವಿಷ. 32 ಪಾಲಿನ ಮಿಶ್ರಣಕ್ಕೆ ಸುಮಾರು 33 ಮೀಟರು, 36ಕ್ಕೆ ಸುಮಾರು 28 ಮೀಟರು ಮಿತಿಯೆಂದು ಇಟ್ಟುಕೊಳ್ಳುತ್ತಾರೆ. ಅದನ್ನು ಮೀರಿದರೆ, ಯಾವ ಸೂಚನೆಯೂ ಇಲ್ಲದೆ ಮೈ ಸೆಳೆತ ಬಂದು, ಬಾಯಿಯ ನಳಿಕೆ ಕಳಚಿ, ಮನುಷ್ಯ ಮುಳುಗಿಹೋಗಬಹುದು. ಅದಕ್ಕಾಗಿ ಮುಳುಗುವವನು ತನ್ನ ಸಿಲಿಂಡರನ್ನು ತಾನೇ ಮೀಟರಿಟ್ಟು ಅಳೆದು, ಪಾಲು, ಆಳದ ಮಿತಿ, ತಾರೀಖು ಬರೆದು ರುಜು ಹಾಕಬೇಕು. ತುಂಬಿದವನ ಮಾತು ಸಾಲದು. ಲೆಕ್ಕ ಬರೆಯುವವನಾದ ನನಗೆ ಈ ಪದ್ಧತಿ ಬಹಳ ಹಿಡಿಸಿತು. ಹಣ ಎಣಿಸದೆ ರಸೀದಿಗೆ ಯಾರು ರುಜು ಹಾಕುತ್ತಾರೆ?

ಅಕ್ಕನ ಮಗನಿಗೆ ನಾನು ಹೇಳಿದ್ದು ಇಷ್ಟೇ: "ಬಲ್ಲವರಿಂದ ಸರಿಯಾಗಿ ಕಲಿಯುವವರೆಗೆ ಕೈ ಹಾಕಬೇಡ ಮಗು. ಗಿರಾಕಿ ಕಾಯುತ್ತಿದ್ದಾರೆಂದು ಯಾರು ಅವಸರಪಡಿಸಿದರೂ, 'ಇದನ್ನು ಆಮ್ಲಜನಕಕ್ಕೆ ತಕ್ಕಂತೆ ತೊಳೆದಿದೆಯೆ?' ಎಂದು ಕೇಳು." ಹೊಸಬನಿಗೆ ಹಾಗೆ ಕೇಳಲು ಸಂಕೋಚ; ಎಲ್ಲಿ ಕೆಲಸ ಹೋದೀತೋ ಎಂಬ ಅಂಜಿಕೆ. ಊರು ಬಿಟ್ಟು ಬಂದ ನಮಗೆ ಆ ಅಂಜಿಕೆಯ ಪರಿಚಯ ಚೆನ್ನಾಗಿದೆ. ಆದರೆ ಬೈಗುಳ ತಿಂದವನು ಸಂಜೆ ಮನೆಗೆ ಬರುತ್ತಾನೆ. ಅಂದು ಮೇಸ್ತ್ರಿಯಿಂದ ಬೈಸಿಕೊಂಡ ಹುಡುಗನೂ ಸಂಜೆ ಮನೆಗೆ ಹೋಗಿ ಊಟ ಮಾಡಿದ.