ಹೊಳೆಯ ನೆನಪು ಯಾವ ಕಪಾಟಿನಲ್ಲಿದೆ?



ಮಲೆಯವರ ಸಭೆಯಲ್ಲಿ ಬಯಲೂರಾದ ಬೋರಗಾಂವದ ಮಾತೇಕೆಂದು ತಮಗೆ ಅನಿಸಬಹುದು. ಸಹ್ಯಾದ್ರಿಯಲ್ಲಿ ಹುಟ್ಟಿದ ದೂಧಗಂಗೆ ನಿಪ್ಪಾಣಿ, ಚಿಕ್ಕೋಡಿ ಸೀಮೆಗಿಳಿದು ಕೃಷ್ಣೆಯನ್ನು ಸೇರುತ್ತದೆ. 2005ರಲ್ಲಿಯೂ 2019ರಲ್ಲಿಯೂ ಈ ಬಯಲು ನೆರೆಗೆ ಸಿಲುಕಿತು. ಹೊಳೆಯ ದಂಡೆ ಮೊದಲು ಎಲ್ಲಿತ್ತು? ಹಳ್ಳ, ಗಾಯರಾಣಗಳು ಯಾವ ಸರ್ವೆ ನಂಬರಿನಲ್ಲಿದ್ದವು? ಹಿರಿಯರು ಬಲ್ಲರು, ಆದರೆ ಕಚೇರಿಯ ಮೇಜಿನೆದುರು ನೆನಪೊಂದೇ ಸಾಲದು, ಕಾಗದ ಬೇಕು.

ಆ ಕಾಗದ ಒಂದೆಡೆ ಇಲ್ಲ. ಚಿಕ್ಕೋಡಿ ಸೀಮೆ ಕೊಲ್ಹಾಪುರದ ಅರಸರಿಂದ ಬ್ರಿಟಿಷರ ಕೈಗೆ ದಾಟಿತು; 1836ರಲ್ಲಿ ಧಾರವಾಡದಿಂದ ಬೇರ್ಪಟ್ಟು ಬೆಳಗಾವಿ ಜಿಲ್ಲೆಯಾಯಿತು; 1956ರವರೆಗೆ ಈ ಜಿಲ್ಲೆ ಮುಂಬಯಿ ಆಡಳಿತದಲ್ಲಿತ್ತು. ಆದುದರಿಂದ ದಾಖಲೆಗಳು ಕೊಲ್ಹಾಪುರ, ಪುಣೆ, ಮುಂಬಯಿಗಳ ಪತ್ರಾಗಾರಗಳಿಗೆ ಹಂಚಿಹೋಗಿವೆ. ಹಳೆಯವು ಬಹುಪಾಲು ಮೋಡಿ ಲಿಪಿಯವು. ಕನ್ನಡ ಶಾಲೆಯಲ್ಲಿ ಕಲಿತವನಿಗೂ ಮರಾಠಿ ಶಾಲೆಯಲ್ಲಿ ಕಲಿತವನಿಗೂ ಅವು ಸಮಾನವಾಗಿ ಅಪರಿಚಿತ! ಗಡಿಯ ಜಗಳವಾಡುವವರು ಇದನ್ನೊಮ್ಮೆ ಗಮನಿಸಬೇಕು.

ಬೇಗ ಕೈಗೆ ಸಿಗುವುದು ಜೇಮ್ಸ್ ಕ್ಯಾಂಪ್‌ಬೆಲ್ ಸಂಪಾದಿಸಿದ ಮುಂಬಯಿ ಪ್ರಾಂತದ ಗೆಜೆಟಿಯರು. ಅದರ 21ನೆಯ ಸಂಪುಟ, 1884ರದು, ಬೆಳಗಾವಿಗೆ ಮೀಸಲು. ಇಂದು ಅಂತರಜಾಲದಲ್ಲಿ ಉಚಿತವಾಗಿ ಓದಬಹುದು. ನದಿ, ಮರ, ಬೆಳೆ, ಬರಗಾಲ, ಪೇಟೆಗಳ ವಿವರ ಅಲ್ಲಿದೆ. ಆದರೆ ಅದು ಕಂದಾಯ ಎಣಿಸುವವರ ಕಣ್ಣು. ಕುರಿಗಾರರ ದಾರಿ, ಹೆಂಗಸರು ನೀರು ತುಂಬುತ್ತಿದ್ದ ಒರತೆ ಆ ಕಣ್ಣಿಗೆ ಬೀಳುವುದು ಅಪರೂಪ. 1987ರಲ್ಲಿ ರಾಜ್ಯ ಸರಕಾರ ಹೊರತಂದ ಜಿಲ್ಲಾ ಗೆಜೆಟಿಯರನ್ನು ಪಕ್ಕದಲ್ಲಿಟ್ಟು ಓದಿದರೆ, ನೂರು ವರುಷಗಳಲ್ಲಿ ನೆಲದ ಬಳಕೆ ಬದಲಾದ ಬಗೆ ತಿಳಿದೀತು.

ಇನ್ನೂ ಹಿಂದಕ್ಕೆ ಹೋಗುವವರು ಫ್ಲೀಟರ ಶಾಸನ ಲೇಖನಗಳನ್ನೂ ಧಾರವಾಡದ ಕನ್ನಡ ಸಂಶೋಧನ ಸಂಸ್ಥೆಯ ಶಾಸನ ಸಂಪುಟಗಳನ್ನೂ ತೆರೆಯಬೇಕು. ಅರಸರ ಬಿರುದಾವಳಿಯನ್ನು ಬೇಕಾದರೆ ದಾಟಿಬಿಡಿ. ದಾನಕೊಟ್ಟ ಹೊಲದ ಎಲ್ಲೆ ಹೇಳುವಲ್ಲಿ ನಿಲ್ಲಿ: ಮೂಡಲಿಗೆ ಇಂಥ ಹಳ್ಳ, ತೆಂಕಲಿಗೆ ಇಂಥ ಮರ, ನಟ್ಟ ಕಲ್ಲು. ಸಾವಿರ ವರುಷದ ಹಿಂದಣ ನೆಲವನ್ನು ಇಷ್ಟು ಹತ್ತಿರದಿಂದ ತೋರಿಸುವ ಬರಹ ನಮ್ಮಲ್ಲಿ ಬೇರೆ ವಿರಳ. ಊರ ಹೆಸರುಗಳಿಗೂ ಇದೇ ಆಧಾರ. ಮರಾಠಿಯಲ್ಲಿ ‘ಬೋರ’ ಎಂದರೆ ಬೋರೆಹಣ್ಣು. ಬೋರಗಾಂವವನ್ನು ಹಾಗೆ ಬಿಡಿಸುವುದು ಸುಲಭ. ಹಳೆಯ ದಾಖಲೆಯಲ್ಲಿ ಹೆಸರಿನ ರೂಪ ನೋಡಿಯೇ ಬಿಡಿಸುವುದು ನ್ಯಾಯ.

ಗ್ರಾಮ ಪಂಚಾಯತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಸೇರಿದವು. ಸ್ಪರ್ಧಾ ಪರೀಕ್ಷೆಯ ಪುಸ್ತಕಗಳು ಅಲ್ಲಿರಲಿ. ಬೋರಗಾಂವದ ಸುತ್ತಣ ಹಳ್ಳಿಗಳಲ್ಲಿ ಒಂದೊಂದು ಕಪಾಟನ್ನಾದರೂ ಊರಿಗೆ ಬಿಟ್ಟುಕೊಡಬೇಕೆಂದು ನನ್ನ ಬಿನ್ನಹ: ಗೆಜೆಟಿಯರಿನ ಸಂಬಂಧಪಟ್ಟ ಪುಟಗಳು, ಜನಗಣತಿಯ ಜಿಲ್ಲಾ ಕೈಪಿಡಿ, ಗ್ರಾಮ ನಕಾಶೆ, ನೆರೆಯೇರಿದ ಮಟ್ಟವನ್ನು ಹಿರಿಯರಿಂದ ಕೇಳಿ ಬರೆದ ಒಂದು ನೋಟುಬುಕ್ಕು. ನಕಾಶೆಯ ಪ್ರತಿಯನ್ನು ಭೂದಾಖಲೆ ಇಲಾಖೆಯಿಂದ ಪಡೆಯಬೇಕು. ನೋಟುಬುಕ್ಕಿಗೆ ಅದೂ ಬೇಡ. ಆದರೆ ಹೇಳುವವರ ವಯಸ್ಸನ್ನು ನೆನೆದರೆ, ಅದನ್ನೇ ಮೊದಲು ಬರೆಯತೊಡಗಬೇಕು.